ಮೇ ತಿಂಗಳ ನೀರು

ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮಳೆ ಹೊಯ್ದು ನಿಂತಿತೆಂದರೆ ಜನ ಬಾಲ್ಕನಿಗೆ ಬರುತ್ತಿದ್ದರು. ತಂಪು ಗಾಳಿಗಲ್ಲ, ಮುನಿವೆಂಕಟಪ್ಪನವರನ್ನು ನೋಡಲಿಕ್ಕೆ. ಲುಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಮೋಸಂಬಿ ಸಿಪ್ಪೆ ಹಿಡಿದು, ಇನ್ನೊಂದು ಕೈಯ ಗಡಿಯಾರವನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡು ಅವರು ರಸ್ತೆಯ ಮೋರಿಯ ಪಕ್ಕ ನಿಂತಿರುತ್ತಿದ್ದರು. ಸಿಪ್ಪೆಯನ್ನು ಹರಿಯುವ ನೀರಿಗೆ ಬಿಡುವುದು, ಅದರ ಜೊತೆಜೊತೆಗೇ ನಡೆಯುವುದು, ಇಪ್ಪತ್ತು ಹೆಜ್ಜೆ ಮುಗಿದಾಗ ಗಡಿಯಾರ ನೋಡಿ ತಮ್ಮಷ್ಟಕ್ಕೆ ಏನೋ ಗೊಣಗಿಕೊಳ್ಳುವುದು. ನಿವೃತ್ತಿಗೆ ಎರಡು ವರ್ಷವೂ ಉಳಿದಿರದ ಕೇಂದ್ರ ಸರ್ಕಾರದ ಎಂಜಿನಿಯರರು ಹೀಗೆ ಮೋರಿಯ ಹಿಂದೆ ಓಡಾಡುವುದನ್ನು ನೋಡಿ ಎದುರು ಮನೆಯ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವು. ಕಾಗದದ ದೋಣಿಯನ್ನೇ ಬಿಡಬಹುದಲ್ಲ ಸಾರ್ ಎಂದು ನಾನೊಮ್ಮೆ ಕೇಳಿದ್ದೆ. “ದೋಣಿ ಗಾಳಿ ಮಾತು ಕೇಳುತ್ತೆ ತಾಯಿ. ಸಿಪ್ಪೆ ನೀರಿನ ಮಾತು ಮಾತ್ರ ಕೇಳುತ್ತೆ” ಎಂದಿದ್ದರು.

ನನಗೆ ಅವರ ಪರಿಚಯವಾದದ್ದು ಅವರ ಹೆಂಡತಿ ರತ್ನಮ್ಮನವರಿಂದ. ಎರಡು ಸಾವಿರದ ಆಚೀಚಿನ ವರ್ಷಗಳು. ನಾನು ಹಿರಿಯೂರಿನಿಂದ ದೆಹಲಿಗೆ ಓದಲು ಬಂದು ಮುನಿರ್ಕಾದ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಮುಚ್ಚಿದರೆ ನನ್ನ ಮನೆಯ ಗೋಡೆ, ಅಂಥ ಕೋಣೆ. ಮೊದಲ ಚಳಿಗಾಲದಲ್ಲಿ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಸ್ವೆಟರಿಗೆ ಚೌಕಾಸಿ ಮಾಡುತ್ತ ನಿಂತಿದ್ದಾಗ, ನನ್ನ ಹಿಂದಿಯನ್ನು ಕೇಳಿ ತಡೆಯಲಾರದೆ ಹಿಂದಿನಿಂದ ಒಬ್ಬರು ಅಚ್ಚ ಕನ್ನಡದಲ್ಲಿ, “ಅವನು ಹೇಳಿದ್ದರ ಅರ್ಧಕ್ಕರ್ಧ ಕೇಳಮ್ಮ, ನಾಚ್ಕೋಬೇಡ” ಎಂದರು. ಸ್ವೆಟರು ಕೊಡಿಸಿ, ಮನೆಗೆ ಕರೆದುಕೊಂಡು ಹೋಗಿ ಮುದ್ದೆ, ಬಸ್ಸಾರು ಬಡಿಸಿದರು. ಅಲ್ಲಿಂದಾಚೆಗೆ ಭಾನುವಾರದ ಊಟ ನನಗೆ ಅವರ ಮನೆಯಲ್ಲೇ. ಅವರ ಮಗಳು ಹೇಮಾ ಆಗ ಕಾಲೇಜಿನಲ್ಲಿದ್ದಳು. ಕನ್ನಡದಲ್ಲಿ ಶುರು ಮಾಡಿ ಹಿಂದಿಯಲ್ಲಿ ಮುಗಿಸುತ್ತಿದ್ದಳು, ಮುದ್ದೆ ಕಂಡರೆ ಮಾತ್ರ ಯಾವ ಭಾಷೆಯಲ್ಲೂ ಬೇಡವೆನ್ನುತ್ತಿದ್ದಳು.

ಮುನಿವೆಂಕಟಪ್ಪನವರು ಕೋಲಾರದ ಕಡೆಯವರು. ಅವರ ತಾತ ಊರಿನ ಕೆರೆಯ ನೀರಗಂಟಿ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವ ಕೆಲಸ. ಬರಗಾಲ ಬಂದಾಗ ತಾತ ಕೆರೆಗೆ ಹತ್ತಿರದ ಗದ್ದೆಯಿಂದ ಶುರು ಮಾಡುತ್ತಿರಲಿಲ್ಲವಂತೆ, ಕಾಲುವೆಯ ಬಾಲದಲ್ಲಿರುವ ಗದ್ದೆಯಿಂದ ಶುರು ಮಾಡುತ್ತಿದ್ದನಂತೆ. ಊರಿನ ದೊಡ್ಡವರು ಬೈದರೆ, ಮುಂದಿನವನಿಗೆ ಹೇಗೂ ಸಿಗುತ್ತೆ ಸ್ವಾಮಿ, ಕೊನೆಯವನಿಗೆ ನಾನು ಬಿಟ್ಟರೆ ಉಂಟು ಎನ್ನುತ್ತಿದ್ದನಂತೆ. ಮೊಮ್ಮಗ ಎಂಜಿನಿಯರಾಗಿ, ದೆಹಲಿ ಸೇರಿ, ಯಮುನೆಯ ನೀರು ಅಳೆಯುವ ಇಲಾಖೆಯಲ್ಲಿ ಕೂತರೂ ಈ ಚಾಳಿ ರಕ್ತದಲ್ಲೇ ಬಂದಿತ್ತು. ಇಲ್ಲಿನ ಕನ್ನಡಿಗರು ಯುಗಾದಿಗೆ ಸೇರಿ ಊಟ ಹಾಕಿಸಿದರೆ, ಇವರು ಕೊನೆಯ ಪಂಕ್ತಿಯ ಕೊನೆಯ ಎಲೆಗೇ ಹೋಗಿ ಕೂರುತ್ತಿದ್ದರು. ಹೋಳಿಗೆ ಬಡಿಸುವವರು ಈ ತುದಿಯಿಂದ ಶುರು ಮಾಡಬೇಕೆಂದು ಹಟ. ಸಚಿವಾಲಯದ ದೊಡ್ಡ ಅಧಿಕಾರಿಯೊಬ್ಬರು ಮೊದಲ ಎಲೆಯಲ್ಲಿ ಕೂತು ಬರೀ ಕೋಸಂಬರಿ ತಿನ್ನುತ್ತ ಕಾದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ರತ್ನಮ್ಮನವರು ಮಾತ್ರ ನಾಚಿಕೆಯಿಂದ ಅಡುಗೆಮನೆ ಸೇರಿಕೊಳ್ಳುತ್ತಿದ್ದರು.

ಆಫೀಸಿನಲ್ಲಿ ಅವರ ಪ್ರಾಣವೆಲ್ಲ ಒಂದು ಪುಸ್ತಕದಲ್ಲಿತ್ತು. ಹಸಿರು ಬಟ್ಟೆಯ ರಟ್ಟಿನ ದಪ್ಪ ರಿಜಿಸ್ಟರು, ವರ್ಷಕ್ಕೊಂದು. ನಗರದೊಳಗಿನ ಒಂದು ಸೇತುವೆಯ ಹತ್ತಿರ ನದಿಯಲ್ಲಿ ದಿನವೂ ಎಷ್ಟು ನೀರು ಹರಿಯಿತೆಂದು ಅದರಲ್ಲಿ ಬರೆಯುವುದು. ಈ ಪುಸ್ತಕ ಹುಟ್ಟಿದ್ದೇ ಪ್ರವಾಹಕ್ಕಾಗಿ. ಮಳೆಗಾಲದಲ್ಲಿ ನೀರು ಏರುತ್ತಿದೆಯೆಂದು ಇವರ ಆಫೀಸು ಹೇಳಿದರೆ ದಂಡೆಯ ಗುಡಿಸಲುಗಳನ್ನು ಖಾಲಿ ಮಾಡಿಸುತ್ತಿದ್ದರು. ಒಂದು ಆಗಸ್ಟಿನಲ್ಲಿ ಮೇಲಿನವರೆಲ್ಲ ನಾಳೆ ನೋಡೋಣ ಎಂದಾಗ, ಇವರು ಒಪ್ಪದೆ ತಾವೇ ಜೀಪು ಹತ್ತಿಹೋಗಿ ಜನರನ್ನು ಎಬ್ಬಿಸಿ ಕಳಿಸಿದ್ದರಂತೆ. ಮಾರನೆಯ ದಿನ ಆ ಗುಡಿಸಲುಗಳಿದ್ದ ಜಾಗದಲ್ಲಿ ಆಳುದ್ದ ನೀರು. ಇದನ್ನು ಅವರು ಹೇಳಿದ್ದಲ್ಲ, ರತ್ನಮ್ಮನವರು ಹೇಳಿದ್ದು. ಅವರು ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದುದು ಒಂದೇ ಮಾತು, ನನ್ನ ಪುಸ್ತಕದಲ್ಲಿ ಸುಳ್ಳು ಅಂಕಿ ಇಲ್ಲ ಅಂತ. ಅದನ್ನು ಅವರು ಹೇಳುವಾಗ ನನಗೂ ಹೆಮ್ಮೆಯಾಗುತ್ತಿತ್ತು.

ಆ ಹೊತ್ತಿಗೆ ದೊಡ್ಡದೊಂದು ನೀರಿನ ಯೋಜನೆಯ ಮಾತು ಶುರುವಾಯಿತು. ದೆಹಲಿಯ ಸುತ್ತ ಅಣಬೆಗಳ ಹಾಗೆ ಎದ್ದಿದ್ದ ಊರುಗಳಿಗೆಲ್ಲ ಕುಡಿಯುವ ನೀರು ಕೊಡುವ ಯೋಜನೆ. ಯಮುನೆ ನಗರ ಮುಟ್ಟುವ ಮೊದಲೇ, ಮೇಲುಗಡೆಯೇ ನೀರನ್ನೆತ್ತಿ ಪೈಪಿನಲ್ಲಿ ಒಯ್ಯಬೇಕು. ಆ ಊರುಗಳ ಪಾಡು ನೋಡಿದವರು ಯಾರೂ ಬೇಡವೆನ್ನುವಂತಿರಲಿಲ್ಲ. ಹೆಂಗಸರು ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ಓಡುತ್ತಿದ್ದರು. ಆದರೆ ಅಷ್ಟು ನೀರು ತೆಗೆದರೆ ನಗರದೊಳಗಿನ ನದಿಯ ಗತಿ ಏನು? ಇದನ್ನು ತೂಗಿ ನೋಡಿ ಹೇಳಲು ಒಂದು ಸಮಿತಿಯಾಯಿತು. ನಮ್ಮ ಪ್ರೊಫೆಸರೊಬ್ಬರು ಅದರಲ್ಲಿದ್ದರು. ಕಾಗದಪತ್ರ ಜೋಡಿಸಿ ವರದಿ ಬರೆಯಲು ಒಂದು ಆಳು ಬೇಕೆಂದು ನನ್ನನ್ನು ಎಳೆದುಕೊಂಡರು.

ವರದಿಯ ಜೀವ ಇದ್ದದ್ದು ಒಂದು ಪಟ್ಟಿಯಲ್ಲಿ. ನಗರದೊಳಗೆ ತಿಂಗಳು ತಿಂಗಳಿಗೆ ನದಿಯಲ್ಲಿ ಎಷ್ಟು ನೀರಿರುತ್ತದೆ ಎನ್ನುವ ಪಟ್ಟಿ. ಕಡು ಬೇಸಿಗೆಯ ಮೇ ತಿಂಗಳಲ್ಲೂ ನೀರು ಸಾಕಷ್ಟಿದೆ ಎಂದು ಅದು ಹೇಳುತ್ತಿತ್ತು. ಹಾಗಾದರೆ ಮೇಲುಗಡೆ ತೆಗೆದರೂ ತೊಂದರೆಯಿಲ್ಲ, ನದಿಗೆಂದು ಪ್ರತ್ಯೇಕವಾಗಿ ನೀರು ಬಿಡುವ ಅಗತ್ಯವೂ ಇಲ್ಲ ಎಂದು ಸಮಿತಿಯವರು ಹೆಚ್ಚುಕಡಿಮೆ ತೀರ್ಮಾನಿಸಿದ್ದರು. ಪಟ್ಟಿಯ ಕೆಳಗಿನ ರುಜು ನೋಡಿ ನನಗೆ ಖುಷಿಯೋ ಖುಷಿ. ನಮ್ಮ ಮುನಿವೆಂಕಟಪ್ಪನವರದ್ದು. ಅವರ ಆಫೀಸಿನಿಂದ ಗುಮಾಸ್ತರು ರಿಜಿಸ್ಟರುಗಳನ್ನು ನಕಲು ಮಾಡಿ, ನೂರು ಕಾಗದಗಳ ನಡುವೆ ಇಟ್ಟು ರುಜು ಹಾಕಿಸಿ ಕಳಿಸಿದ್ದರು.

ಆ ಭಾನುವಾರ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ನಿಮ್ಮ ಪುಸ್ತಕದಿಂದಲೇ ಇಡೀ ಯೋಜನೆ ತೀರ್ಮಾನವಾಗ್ತಿದೆ ಸಾರ್, ಮೇ ತಿಂಗಳಲ್ಲೂ ಯಮುನೆ ತುಂಬಿದಾಳೆ ಅಂತ ಎಲ್ಲರಿಗೂ ಸಮಾಧಾನ ಎಂದೆ. ಮುದ್ದೆ ಮುರಿಯುತ್ತಿದ್ದ ಅವರ ಕೈ ನಿಂತಿತು.

“ಯಾವ ತಿಂಗಳು ಅಂದೆ?”

“ಮೇ.”

“ಮೇ ತಿಂಗಳದ್ದು ಯಾರು ಕೇಳಿದ್ರು?” ಎಂದರು. ಅರ್ಧ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದುಕೊಂಡರು. ಆ ಮನೆಯಲ್ಲಿ ಅದಕ್ಕೆ ಮುಂಚೆ ಅವರು ಮುದ್ದೆ ಬಿಟ್ಟದ್ದನ್ನು ಯಾರೂ ನೋಡಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಬಾ ತಾಯಿ, ನದಿಗೆ ಹೋಗಿ ಬರೋಣ ಎಂದರು. ಸುಡುವ ಬಿಸಿಲು, ಹೊರಗೆ ಲೂ ಎಂಬ ಬಿಸಿಗಾಳಿ ಬೀಸುತ್ತಿತ್ತು. ರತ್ನಮ್ಮನವರು ಗೊಣಗುತ್ತಲೇ ಒಂದು ಚೀಲಕ್ಕೆ ನೀರಿನ ಬಾಟಲಿಯನ್ನೂ ಎರಡು ಮೋಸಂಬಿಯನ್ನೂ ಹಾಕಿಕೊಟ್ಟರು.

ಆಟೋದಲ್ಲಿ ಹೋಗುವಾಗ ಅವರು ಬಾಯಿಬಿಟ್ಟರು. ಮೊದಲು ನದಿಯ ನೀರು ಅಳೆಯುವ ಜಾಗ ಇನ್ನೂ ಮೇಲಕ್ಕಿತ್ತಂತೆ. ಒಂದು ಪ್ರವಾಹದಲ್ಲಿ ಅಲ್ಲಿನ ಗೇಜು ಕಂಬ ಹೂಳಿನಲ್ಲಿ ಹೂತುಹೋಯಿತು. ಹೊಸ ಜಾಗ ಹುಡುಕಿದವರು ಇವರೇ. ಸೇತುವೆಯ ಹತ್ತಿರ ನದಿ ನೇರ, ಕಂಬಗಳು ಗಟ್ಟಿ, ಮಳೆಗಾಲದಲ್ಲೂ ಅಲ್ಲಿಗೆ ಜೀಪು ಹೋಗುತ್ತದೆ. ನಿಯಮದ ಪ್ರಕಾರ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಹಳೆಯ ಜಾಗಕ್ಕೂ ಹೊಸ ಜಾಗಕ್ಕೂ ನಡುವೆ ನಗರದ ಕೊಳಚೆಯನ್ನೆಲ್ಲ ಹೊತ್ತ ದೊಡ್ಡ ನಾಲಾ ಒಂದು ನದಿಗೆ ಬಂದು ಬೀಳುತ್ತದೆ. ಪ್ರವಾಹದ ನೀರಿನ ಮುಂದೆ ನಾಲಾದ ನೀರು ಯಾವ ಲೆಕ್ಕಕ್ಕೂ ಇಲ್ಲ ಎಂದು ಅದನ್ನು ಯಾರೂ ಕಳೆಯಲಿಲ್ಲ. ಬೇಸಿಗೆಯಲ್ಲೂ ದಿನಾ ಅಳೆದು ಬರೆದರು, ಕಾಲಂ ಇದೆಯಲ್ಲ ಅಂತ. ಬೇಸಿಗೆಯ ಅಂಕಿಯನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅವರೂ ಅದರ ಮೇಲೆ ಕಣ್ಣು ನಿಲ್ಲಿಸಿರಲಿಲ್ಲ.

ನದಿಯ ಪಾತ್ರದಲ್ಲಿ, ನಾಲಾ ಬೀಳುವುದಕ್ಕಿಂತ ಮೇಲೆ, ರಾಮ್‌ಕಲಿ ಎಂಬ ಮುದುಕಿ ಮರಳಿನಲ್ಲಿ ಸೌತೆಕಾಯಿ ಬೆಳೆಯುತ್ತಿದ್ದಳು. ಇವರನ್ನು ಹಳೆಯ ಗೇಜಿನ ಕಾಲದಿಂದ ಬಲ್ಲವಳು. ಎಷ್ಟು ವರ್ಷವಾಯಿತು ಬಾಬೂಜಿ ಈ ಕಡೆ ಬಂದು ಎಂದು ಸೆರಗಿನಲ್ಲಿ ಸೌತೆಕಾಯಿ ಒರೆಸಿ ಕೊಟ್ಟಳು. ಇವರು ತಿನ್ನಲಿಲ್ಲ. ಮೋಸಂಬಿ ಸುಲಿದು ಸಿಪ್ಪೆಯನ್ನು ನೀರಿಗೆ ಬಿಟ್ಟರು. ಸಿಪ್ಪೆ ಬಿಟ್ಟಲ್ಲೇ ನಿಂತಿತು. ಹತ್ತು ನಿಮಿಷ ನಾವು ಮೂವರೂ ಅದನ್ನೇ ನೋಡಿದೆವು. ಅದು ಅಲುಗಲಿಲ್ಲ. ಇದು ನಿಂತ ನೀರು, ಬೇಸಿಗೆಯಲ್ಲಿ ಇಲ್ಲಿ ನದಿ ಹರಿಯುವುದೇ ಇಲ್ಲವಲ್ಲ, ನಿಮಗೆ ಗೊತ್ತಿರಲಿಲ್ಲವೇ ಎಂದು ರಾಮ್‌ಕಲಿ ಕೇಳಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಆಶ್ಚರ್ಯವಿತ್ತು. ಆಮೇಲೆ ಕೆಳಗೆ ನಡೆದು, ಮೂಗು ಮುಚ್ಚಿಕೊಂಡು, ನಾಲಾದ ಬಾಯಲ್ಲಿ ಇನ್ನೊಂದು ಸಿಪ್ಪೆ ಬಿಟ್ಟರು. ಅದು ನಾವು ಜೊತೆಗೆ ನಡೆಯಲಾರದಷ್ಟು ಬೇಗ ಹೋಯಿತು.

ಮುನಿವೆಂಕಟಪ್ಪನವರು ಬಿಸಿ ಮರಳಿನ ಮೇಲೆಯೇ ಕೂತುಬಿಟ್ಟರು. ಅಷ್ಟು ಸಣ್ಣಗೆ ಕಂಡದ್ದು ಅದೇ ಮೊದಲು. ನೀವು ಬೇಕೆಂದು ಮಾಡಿದ್ದಲ್ಲವಲ್ಲ ಸಾರ್ ಎಂದೆ. ಅವರು ನನ್ನತ್ತ ನೋಡಲಿಲ್ಲ. “ನಮ್ಮ ತಾತನಿಗೆ ಓದು ಬರಹ ಇರಲಿಲ್ಲ. ಇಂಥ ತಪ್ಪು ಮಾಡ್ತಿರಲಿಲ್ಲ” ಎಂದರು.

ಸೋಮವಾರ ಅವರು ತಮ್ಮ ಮೇಲಧಿಕಾರಿಗೆ ವಿಷಯ ತಿಳಿಸಿದರು. ಆ ಅಧಿಕಾರಿ ಕೆಟ್ಟವರೇನಲ್ಲ. ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಹಾಕಿಸೋಣ, ನಿವೃತ್ತಿ ಹತ್ತಿರ ಬಂದಿದೆ, ಬಡ್ತಿಯ ಕಡತ ಮೇಜಿನ ಮೇಲಿದೆ, ಮೂವತ್ತು ವರ್ಷದ ಸರ್ವಿಸಿಗೆ ನೀವೇ ಮಸಿ ಬಳಿದುಕೊಳ್ಳಬೇಡಿ ಎಂದು ಬುದ್ಧಿ ಹೇಳಿದರಂತೆ. ಆದರೆ ಆ ವಾರವೇ ಸಾರ್ವಜನಿಕ ಸಭೆಯಿತ್ತು. ಅದು ಮುಗಿದರೆ ವರದಿ ಅಚ್ಚಿಗೆ ಹೋಗುತ್ತಿತ್ತು, ಸಣ್ಣ ಅಕ್ಷರದ ಟಿಪ್ಪಣಿ ಓದುವವರು ಯಾರು? ಸುಮ್ಮನಿದ್ದರೆ ಬೇಸಿಗೆಯಲ್ಲಿ ಮೇಲುಗಡೆ ಉಳಿಯುವ ಕೊನೆಯ ನೀರೂ ಪೈಪು ಸೇರುತ್ತಿತ್ತು. ಮಾತಾಡಿದರೆ ಇವರ ಹಸಿರು ಪುಸ್ತಕಗಳೆಲ್ಲ ಸುಳ್ಳೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ರತ್ನಮ್ಮನವರ ಸಿಟ್ಟೇ ಬೇರೆ. “ನೀರು ನೀರು ಅಂತ ಮದುವೆಯಾದಾಗಿನಿಂದ ನನ್ನ ಭಾನುವಾರಗಳನ್ನೆಲ್ಲ ಹಾಳು ಮಾಡಿದ್ರಿ. ಈಗ ಅದೂ ಸರಿಯಾಗಿ ಅಳೆದಿಲ್ವಂತಾ?” ಎಂದು ಬೈದರು. ಬೈಯುತ್ತಲೇ ಸಭೆಗೆ ಹಾಕಿಕೊಳ್ಳುವ ಅಂಗಿಗೆ ಇಸ್ತ್ರಿ ಮಾಡಿದರು.

ಸಭೆಯಲ್ಲಿ ಜನ ಕಿಕ್ಕಿರಿದಿದ್ದರು. ಮೊದಲು ದೆಹಲಿಯ ಗಡಿಯಾಚೆಯ ಬಡಾವಣೆಯ ಒಬ್ಬಳು ತಾಯಿ ಎದ್ದು, ಕಂಕುಳಲ್ಲಿ ಮಗು ಇಟ್ಟುಕೊಂಡು ಟ್ಯಾಂಕರಿಗೆ ಕಾಯುವ ಕಷ್ಟ ಹೇಳಿಕೊಂಡಳು. ಇಡೀ ಸಭೆ ಕರಗಿತು. ಅಂಥ ಮಾತಿನ ಹಿಂದೆಯೇ ಎದ್ದು ನದಿಯ ಪರ ಮಾತಾಡುವುದಕ್ಕೆ ಗುಂಡಿಗೆ ಬೇಕು. ಮುನಿವೆಂಕಟಪ್ಪನವರು ಎದ್ದರು. ಕೋಲಾರದ ವಾಸನೆ ಬಿಡದ ಅವರ ಹಿಂದಿಯಲ್ಲಿ, ನಿಧಾನವಾಗಿ ಹೇಳಿದರು.

“ಈ ಪಟ್ಟಿಯ ಕೆಳಗಿರೋ ರುಜು ನನ್ನದು. ಇದರಲ್ಲಿ ಮೇ ತಿಂಗಳ ನದಿ ಅಂತ ಬರೆದಿರೋದು ನದಿ ಅಲ್ಲ, ನಮ್ಮ ನಿಮ್ಮ ಮನೆಗಳ ಬಚ್ಚಲ ನೀರು. ಅಳೆದ ಜಾಗ ತಪ್ಪು. ಆ ಜಾಗ ಆರಿಸಿದವನು ನಾನು.”

ಸಭೆಯಲ್ಲಿ ಗದ್ದಲವೆದ್ದಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನನಗೆ ಅಲ್ಲಿಯೇ ಎದ್ದು ನಕ್ಕವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಸಮಿತಿಯ ಅಧ್ಯಕ್ಷರು, ಹಾಗಾದರೆ ನೀವು ಯೋಜನೆಯ ವಿರುದ್ಧವೇ ಎಂದು ಕೇಳಿದರು. ಆ ತಾಯಿ ಇವರನ್ನೇ ದುರುಗುಟ್ಟಿ ನೋಡುತ್ತಿದ್ದಳು. ಇವರು ಅವಳತ್ತಲೇ ತಿರುಗಿ ಉತ್ತರ ಕೊಟ್ಟರು.

“ಈ ತಾಯಿಗೆ ನೀರು ಸಿಗಲೇಬೇಕು. ಮಳೆಗಾಲದಲ್ಲಿ ಹೆಚ್ಚು ತಗೊಳ್ಳಿ, ಕೆರೆ ಕಟ್ಟಿ ತುಂಬಿಸಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಮಾತ್ರ ನದಿಯ ಪಾಲು ಮೊದಲು ಬಿಟ್ಟು, ಮಿಕ್ಕಿದ್ದಕ್ಕೆ ಕೈ ಹಾಕಿ.”

ಅಧ್ಯಕ್ಷರು ತೀರ್ಮಾನವನ್ನು ಒಂದು ವರ್ಷ ಮುಂದಕ್ಕೆ ಹಾಕಿ, ನಾಲಾ ಸೇರುವುದಕ್ಕಿಂತ ಮೇಲುಗಡೆ ಹೊಸದಾಗಿ ಅಳೆಯಲು ಹೇಳಿದರು. ಇಲಾಖೆಯಿಂದ ಮುನಿವೆಂಕಟಪ್ಪನವರಿಗೆ ವಿವರಣೆ ಕೇಳಿ ನೋಟಿಸು ಬಂತು. ಬಡ್ತಿಯ ಕಡತ ಮೇಜಿನಿಂದ ಕಪಾಟಿಗೆ ಹೋಯಿತು. ಪಿಂಚಣಿಗೆ ಮಾತ್ರ ಯಾರೂ ಕೈ ಹಚ್ಚಲಿಲ್ಲ. ಅಳೆಯುವ ಕೆಲಸವನ್ನು ಅವರು ಕೇಳಿ ಪಡೆದುಕೊಂಡರು. ಮುಂದಿನ ಬೇಸಿಗೆ ಪೂರ್ತಿ, ತಲೆಗೆ ಒದ್ದೆ ಟವಲು ಸುತ್ತಿಕೊಂಡು ರಾಮ್‌ಕಲಿಯ ಸೌತೆ ಪಾತಿಯ ಪಕ್ಕದಲ್ಲೇ ಠಿಕಾಣಿ. ಅವಳು ದಿನವೂ ಬಾಬೂಜಿ, ಇವತ್ತು ಎಷ್ಟು ಎಂದು ಕೇಳುವಳಂತೆ, ಇವರು ಸುಳ್ಳಾಡದೆ, ಏನೂ ಇಲ್ಲ ಎನ್ನುವರಂತೆ. ಅಷ್ಟು ಹುರುಪಿನಿಂದ ಸೊನ್ನೆ ಬರೆದ ಎಂಜಿನಿಯರು ಇನ್ನೊಬ್ಬರು ಇರಲಾರರು.

ಹೊಸ ಅಂಕಿಗಳನ್ನು ನೋಡಿದ ಮೇಲೆ ಸಮಿತಿ ಬೇರೆ ರೀತಿಯ ಸಲಹೆ ಕೊಟ್ಟಿತು. ಮಳೆಗಾಲದ ನೀರಿಗೆ ದೊಡ್ಡ ಕೆರೆಗಳು, ಬೇಸಿಗೆಯಲ್ಲಿ ನದಿಗೆ ಮೊದಲ ಪಾಲು. ಕರಡಿನಲ್ಲಿ ನಾನು, ಬೇಸಿಗೆಯಲ್ಲಿ ಸಾಧ್ಯವಾದ ಮಟ್ಟಿಗೆ ನದಿಗೆ ನೀರು ಬಿಡತಕ್ಕದ್ದು ಎಂಬರ್ಥದ ವಾಕ್ಯ ಬರೆದಿದ್ದೆ. ಮುನಿವೆಂಕಟಪ್ಪನವರು ಅದನ್ನು ಓದಿ, ‘ಸಾಧ್ಯವಾದ ಮಟ್ಟಿಗೆ’ ಎನ್ನುವುದರ ಮೇಲೆ ಬೆರಳಿಟ್ಟು, “ಇದು ಇದ್ರೆ ಯಾವ ವರ್ಷವೂ ಸಾಧ್ಯ ಆಗಲ್ಲ ತಾಯಿ” ಎಂದರು. ಮಾರನೆಯ ದಿನ ಆ ವಾಕ್ಯವನ್ನು ಅಧ್ಯಕ್ಷರ ಮುಂದೆ ಹಿಡಿದೆ. ಅವರು ನಕ್ಕು, ಆ ಮಾತನ್ನು ತಮ್ಮ ಪೆನ್ನಿನಿಂದಲೇ ಹೊಡೆದುಹಾಕಿದರು. ನಾನು ದೆಹಲಿಯಲ್ಲಿ ಮಾಡಿದ ಒಳ್ಳೆಯ ಕೆಲಸ ಯಾವುದೆಂದರೆ ಆ ಮಾತನ್ನು ಹೊಡೆಸಿದ್ದು ಎಂದು ಈಗಲೂ ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ಕ್ವಾರ್ಟರ್ಸು ಬಿಡಬೇಕಾಯಿತು. ಹೇಮಾಳ ಕೆಲಸ ಇಲ್ಲೇ ಇದ್ದುದರಿಂದ ಅವರು ಗಡಿಯಾಚೆಯ ಒಂದು ಹೊಸ ಬಡಾವಣೆಯಲ್ಲಿ ಮನೆ ಮಾಡಿದರು. ಅದೇ ಯೋಜನೆಯ ನೀರಿಗೆ ಕಾಯುತ್ತಿದ್ದ ಬಡಾವಣೆ. ಕೆರೆಗಳು ತೋಡಿ ಮುಗಿಯುವ ತನಕ ನಲ್ಲಿ ಒಣಗಿಯೇ ಇತ್ತು. ಯೋಜನೆ ತಡವಾಗಲು ಯಾರು ಕಾರಣವೆಂದು ಅಕ್ಕಪಕ್ಕದವರಿಗೆ ತಿಳಿದಿರಲಿಲ್ಲ. ರತ್ನಮ್ಮನವರಿಗೆ ತಿಳಿದಿತ್ತು. ನಾನು ಹೋದಾಗಲೆಲ್ಲ ಟ್ಯಾಂಕರ್ ನೀರಿನ ಕಾಫಿ ಕೈಗಿಟ್ಟು, “ಕುಡಿ ಶಶಿ, ನಿಮ್ಮ ಸಾರ್ ಮಾಡಿಟ್ಟ ಪುಣ್ಯ” ಎನ್ನುತ್ತಿದ್ದರು. ಮುನಿವೆಂಕಟಪ್ಪನವರು ಅದನ್ನು ಕೇಳಿಸಿಕೊಳ್ಳದವರಂತೆ, ಟ್ಯಾಂಕರಿನ ಸಾಲಿನಲ್ಲಿ ಜಗಳವಾಗದಂತೆ ತಾವು ಹೇಗೆ ಚೀಟಿ ಹಂಚುತ್ತೇವೆಂದು ನನಗೆ ವಿವರಿಸುತ್ತಿದ್ದರು. ಕೊನೆಯ ಸಲ ನಾನು ಅವರನ್ನು ನೋಡಿದ್ದೂ ಆ ಸಾಲಿನಲ್ಲೇ. ಮಫ್ಲರು ಸುತ್ತಿಕೊಂಡು ಮುದುಕಿಯೊಬ್ಬಳ ಬಿಂದಿಗೆಯನ್ನು ಮೂರನೆಯ ಮಹಡಿಗೆ ಹೊತ್ತುಕೊಂಡು ಹೋಗುತ್ತಿದ್ದರು. ನಿಮಗೇಕೆ ಸಾರ್ ಈ ವಯಸ್ಸಿನಲ್ಲಿ ಎಂದು ಗದರಿದ್ದಕ್ಕೆ ನಕ್ಕಿದ್ದರು. ಆ ಜನವರಿಯ ಚಳಿಯಲ್ಲಿ, ಒಂದು ಬೆಳಿಗ್ಗೆ ಪೇಪರು ಓದುತ್ತ ಕೂತವರು ಮತ್ತೆ ಏಳಲಿಲ್ಲ. ನನಗೆ ಅಪ್ಪ ಹೋದಾಗ ಆದಷ್ಟೇ ದುಃಖವಾಯಿತು.

ಮರುವರ್ಷ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ರತ್ನಮ್ಮನವರ ಫೋನು ಬಂತು. ನಾನಾಗ ವಸಂತ್ ಕುಂಜಿನಲ್ಲಿ ಸಂಸಾರ ಹೂಡಿ, ಒಂದು ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದೆ. ನಲ್ಲಿಯಲ್ಲಿ ನೀರು ಬಂತು ಕಣೇ, ಬಡಾವಣೆಯ ಹೆಂಗಸರೆಲ್ಲ ನಲ್ಲಿಗೆ ಹೂ ಹಾಕಿ ಲಡ್ಡು ಹಂಚುತ್ತಿದ್ದಾರೆ ಎಂದರು. ಒಂದು ಲೋಟ ಹಿಡಿದು, ಕುಡಿಯದೆ ಮುಂದಿಟ್ಟುಕೊಂಡು ಕೂತಿದ್ದರಂತೆ. ನಾನು ಸಂತೋಷ ಪಡುವುದಕ್ಕೂ ಬಿಡದೆ ಕೇಳಿದರು:

“ನದಿಯಲ್ಲಿ ಇದೆಯಾ? ಹೋಗಿ ನೋಡಿ ಹೇಳು.”

ರಜೆ ಹಾಕಿ ಹೋದೆ. ರಾಮ್‌ಕಲಿ ಇರಲಿಲ್ಲ, ಅವಳ ಸೊಸೆ ಪಾತಿ ಮಾಡುತ್ತಿದ್ದಳು. ನಾಲಾ ಸೇರುವುದಕ್ಕಿಂತ ಮೇಲೆ, ಬಿಳಿ ಮರಳಿನ ನಡುವೆ, ಹೆಚ್ಚೇನಿಲ್ಲ, ಮೊಣಕಾಲು ಮುಳುಗುವಷ್ಟು ನೀರು. ಚಪ್ಪಲಿ ಬಿಟ್ಟು ಇಳಿದೆ. ನೀರು ಮೇಲುಗಡೆಯಿಂದ ಬಂದು ಕಾಲಿಗೆ ತಗಲಿ, ಸುತ್ತಿ, ಮುಂದಕ್ಕೆ ಹೋಗುತ್ತಿತ್ತು. ಅಲ್ಲಿ ನಿಂತುಕೊಂಡೇ ಫೋನು ಮಾಡಿದೆ.

“ಇದೆ ಆಂಟಿ. ಹರೀತಿದೆ.”

ಆ ಕಡೆ ಲೋಟ ಎಳೆದುಕೊಂಡ ಸದ್ದಾಯಿತು. ಆಮೇಲೆ ರತ್ನಮ್ಮನವರು ಹೇಳಿದರು.

“ಹಾಗಾದ್ರೆ ಕುಡೀತೀನಿ.”